ಮಾಗಿಯ ಮೀನು ತಡವಾಗಿ ಏಳುತ್ತದೆ

ಮಾಗಿ ಚಳಿಯಲ್ಲಿ ಬೆಳಗಿನ ಜಾವಕ್ಕೇ ಎದ್ದು ಗಾಳ ಹೊತ್ತು ಹೊಳೆಗೆ ಹೊರಡುವವರ ಮೇಲೆ ನನಗೆ ಗೌರವವಿದೆ, ಹೊಟ್ಟೆಕಿಚ್ಚಿಲ್ಲ. ಡಿಸೆಂಬರ್, ಜನವರಿಯ ಭಾನುವಾರಗಳಲ್ಲಿ ಶಿವಮೊಗ್ಗದಿಂದ ಗಾಜನೂರಿನತ್ತ, ಭದ್ರಾವತಿಯಿಂದ ಭದ್ರಾ ಅಣೆಕಟ್ಟಿನ ಬಿ.ಆರ್.ಪಿ.ಯತ್ತ ಬೈಕುಗಳು ಹೋಗುತ್ತವೆ. ತಲೆಗೆ ಮಂಕಿ ಕ್ಯಾಪು, ಹಿಂದೆ ಕೂತವನ ಕೈಯಲ್ಲಿ ರಾಡು, ಡಬ್ಬಿಯಲ್ಲಿ ಎರೆಹುಳು. ಇಷ್ಟೆಲ್ಲ ಮಾಡಿ ಬೆಂಡು ಬಿಟ್ಟರೆ ಬಿಸಿಲು ಏರುವವರೆಗೂ ಅದು ಅಲುಗುವುದಿಲ್ಲ. ಅಲುಗುವುದು ರಾಡು ಹಿಡಿದವನ ಕೈ.

ಮೀನಿನ ಮೈಗೆ ಸ್ವಂತ ಕಾವಿಲ್ಲ. ನೀರು ಎಷ್ಟು ಬೆಚ್ಚಗೋ ಅದೂ ಅಷ್ಟೇ ಬೆಚ್ಚಗೆ. ನೀರು ತಣಿದರೆ ಅರಗುವುದು ನಿಧಾನ, ಹಸಿವೂ ಕಡಿಮೆ. ಕಾಟ್ಲಾ, ರೋಹು, ಜಿಲೇಬಿ ಎಲ್ಲಕ್ಕೂ ಇದೇ ಕಥೆ. ದಂಡೆಯ ತೆಳುನೀರು ಬಿಸಿಲಿಗೆ ಕಾದ ಮೇಲೆಯೇ ಅವು ಮಡುವಿನಿಂದ ಹೊರಟು ಮೇಯಲು ಬರುವುದು. ರಾತ್ರಿ ಬೇಟೆಯಾಡುವ ಬಾಳೆಮೀನಿನ ಮಾತು ಬೇರೆ. ಉಳಿದವಕ್ಕೆ ಹತ್ತು ಗಂಟೆಗೆ ಹೋಗಿ, ನಾಲ್ಕಕ್ಕೆ ಗಾಳ ಮಡಚಿ. ಬೆಚ್ಚಗಿರಲೂ ಕ್ಷೇಮವಾಗಿರಲೂ ನನಗೆ ಗೊತ್ತಿರುವ ಮೊದಲ ಉಪಾಯ ಇದೇ, ಇದಕ್ಕೆ ಖರ್ಚೂ ಇಲ್ಲ. ತೇಜಸ್ವಿಯವರನ್ನು ಓದಿ ಗಾಳ ಹಿಡಿದ ತಲೆಮಾರು ನಮ್ಮದು. ಅವರ ತಾಳ್ಮೆ ಬಿಟ್ಟು ಅವರ ಹುಚ್ಚನ್ನಷ್ಟೇ ಕಲಿತಿದ್ದೇವೆ ಅನ್ನಿಸುತ್ತದೆ.

ಚಳಿಯಲ್ಲಿ ಮೀನು ಹಿಡಿಯುವ ಶಾಸ್ತ್ರವನ್ನು ಪೂರ್ತಿ ಕಲಿತವರು ಹಿಮದ ನಾಡಿನವರು. ಅಮೆರಿಕದ ಮಿನೆಸೋಟದಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಕೆರೆಯ ಮೇಲಂತೂ ಮರದ ಗುಡಿಸಲುಗಳ ಊರೇ ಏಳುತ್ತದೆ. ಮಂಜುಗಡ್ಡೆಗೆ ತೂತು ಕೊರೆದು, ಪಕ್ಕದಲ್ಲಿ ಒಲೆ ಹಚ್ಚಿಕೊಂಡು ಗಾಳ ಇಳಿಬಿಡುತ್ತಾರೆ. ನೀರು ಅತಿ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕಿಳಿದು, ಗಡ್ಡೆ ಮೇಲೆ ತೇಲುವುದರಿಂದಲೇ ಅಡಿಯಲ್ಲಿ ಮೀನು ಬದುಕುತ್ತದೆ. ಒಬ್ಬಾಳು ನಡೆಯಲು ಕನಿಷ್ಠ 4 ಇಂಚು ದಪ್ಪದ ಗಟ್ಟಿ, ತಿಳಿ ಗಡ್ಡೆ ಬೇಕು ಎಂಬುದು ಅಲ್ಲಿಯ ನಿಯಮ. ಕೊರಳಿಗೆ ಎರಡು ಚೂಪು ಮೊಳೆಹಿಡಿಗಳನ್ನು ದಾರದಲ್ಲಿ ನೇತುಹಾಕಿಕೊಂಡಿರುತ್ತಾರೆ. ಗಡ್ಡೆ ಒಡೆದು ಬಿದ್ದರೆ ಅವನ್ನು ಅಂಚಿಗೆ ನಾಟಿ ತೆವಳಿ ಮೇಲೆ ಬರಬೇಕು.

ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿಗೆ ಬಿದ್ದವರಿಗೆ ಒಂದು ಲೆಕ್ಕ ಕೊಟ್ಟಿದ್ದಾರೆ: 1–10–1. ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಚಳಿಗೆ ಪ್ರಜ್ಞೆ ತಪ್ಪಲು ಒಂದು ಗಂಟೆ. ನಮ್ಮ ಹೊಳೆ ಅಷ್ಟು ತಣ್ಣಗಾಗದು, ಹತ್ತು ನಿಮಿಷ, ಒಂದು ಗಂಟೆಯ ಲೆಕ್ಕ ಇಲ್ಲಿಗೆ ಹೊಂದದು. ಮೊದಲ ನಿಮಿಷದ ಪಾಠ ಮಾತ್ರ ತುಂಗೆಗೂ ಭದ್ರೆಗೂ ಸಲ್ಲುತ್ತದೆ. ಬಿದ್ದ ಕೂಡಲೇ ಈಜಲು ಹೋಗಬೇಡಿ. ಅಂಗಾತ ತೇಲಿ, ಕಾಲನ್ನು ಹರಿವಿನ ಕಡೆಗೆ ಮಾಡಿ, ಉಸಿರು ಸರಿಯಾಗುವವರೆಗೆ ಕಾಯಿರಿ.

ನಮ್ಮ ಚಳಿಯ ಸ್ವಭಾವವೇ ಬೇರೆ. ಮಾಗಿಯ ಮುಂಜಾನೆ ತುಂಗೆಯ ಮೇಲೆ ಹಬೆ ಏಳುತ್ತದಲ್ಲ, ಅದಕ್ಕೆ ಕಾರಣ ನೀರು ಗಾಳಿಗಿಂತ ಬೆಚ್ಚಗಿರುವುದು. ಕೈ ಅದ್ದಿದರೆ ಹಿತವೇ. ತೊಂದರೆ ಶುರುವಾಗುವುದು ಕೈ ಹೊರಗೆ ತೆಗೆದಾಗ. ಒದ್ದೆ ಮೈಗೆ ಮೂಡಗಾಳಿ ಬಡಿದು ನೀರು ಆರುತ್ತಾ ಮೈಯ ಕಾವನ್ನೂ ಎಳೆದೊಯ್ಯುತ್ತದೆ. ಮರಗಟ್ಟಿದ ಬೆರಳಿಗೆ ತಂಗೂಸಿಯ ಗಂಟು ಬೀಳುವುದಿಲ್ಲ, ಗಾಳದ ಮುಳ್ಳು ಮಾತ್ರ ಸಲೀಸಾಗಿ ಚುಚ್ಚುತ್ತದೆ. ಆದ್ದರಿಂದ ಥರ್ಮಾಮೀಟರ್ ನೋಡುವುದಕ್ಕಿಂತ ಒದ್ದೆಯಾಗದಂತೆ ನೋಡಿಕೊಳ್ಳುವುದು ಮೇಲು. ಜೀನ್ಸ್ ಪ್ಯಾಂಟಿನಷ್ಟು ಕೆಟ್ಟ ಉಡುಪು ಇನ್ನೊಂದಿಲ್ಲ. ಒಮ್ಮೆ ನೆನೆದರೆ ಸಂಜೆಯವರೆಗೆ ಆರದು. ಉಣ್ಣೆ ನೆನೆದರೂ ಒಂದಿಷ್ಟು ಕಾವು ಉಳಿಸಿಕೊಳ್ಳುತ್ತದೆ. ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಗಾಲವಿಡೀ ಗದ್ದೆಯಲ್ಲಿ ನಿಂತದ್ದು ಸುಮ್ಮನೆ ಅಲ್ಲ. ಚಳ್ಳಕೆರೆಯ ಕರಿ ಕಂಬಳಿಯೊಂದು ಚೀಲದಲ್ಲಿದ್ದರೆ ಅಂಗಡಿಯ ದುಬಾರಿ ಜಾಕೆಟ್ ಬೇಡ. ಬೈಕಿನಲ್ಲಿ ಹೋಗುವಾಗ ಎದೆಗೂ ಅಂಗಿಗೂ ನಡುವೆ ಮಡಿಸಿದ ದಿನಪತ್ರಿಕೆ ಇಟ್ಟುಕೊಳ್ಳಿ, ಗಾಳಿ ತಡೆಯುತ್ತದೆ. ಈ ಅಂಕಣಕ್ಕೆ ಅಷ್ಟಾದರೂ ಉಪಯೋಗವಿರಲಿ. ತಡವಾಗಿ ಹೊರಡುವುದಕ್ಕೆ ಇನ್ನೊಂದು ಕಾರಣವೂ ಉಂಟು: ಮಂಜು ಮುಸುಕಿದ ಬಿ.ಎಚ್. ರಸ್ತೆಯಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಹೊಳೆಗಿಂತ ಅಪಾಯಕಾರಿ.

ಹೊಳೆಯಲ್ಲಿ ನಾನು ಹೆದರುವುದು ಬಂಡೆಗೆ. ಮಳೆಗಾಲ ಮುಗಿದು ಗಾಜನೂರು ಅಣೆಕಟ್ಟಿನ ಗೇಟು ಹಾಕಿದ ಮೇಲೆ ಕೆಳಗೆ ಬಂಡೆಗಳು ಮೈ ತೋರಿಸುತ್ತವೆ. ಒಣಗಿದಂತೆ ಕಾಣುವ ಪಾಚಿ ಇಬ್ಬನಿ ಬಿದ್ದರೆ ಎಣ್ಣೆ ಸುರಿದಂತೆ ಜಾರುತ್ತದೆ. ಗಂಬೂಟು ಅಲ್ಲಿಗಲ್ಲ, ನೀರು ತುಂಬಿದ ಗಂಬೂಟಿನಲ್ಲಿ ಈಜುವುದಿರಲಿ, ದಡ ಹತ್ತುವುದೂ ಕಷ್ಟ. ಬಟ್ಟೆಯ ಶೂ ಹಾಕಿ ಅದರ ಮೇಲೆ ಹಳೆಯ ಉಣ್ಣೆಯ ಕಾಲುಚೀಲ ಎಳೆದುಕೊಳ್ಳಿ. ನೋಡಿದವರು ನಗುತ್ತಾರೆ, ನೀವು ನಿಂತಿರುತ್ತೀರಿ.

ಭದ್ರೆಯಲ್ಲಿ ನೀರೇ ಬರುತ್ತದೆ. ಲಕ್ಕವಳ್ಳಿಯ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ತುಂಬಿದರೆ 71.5 ಟಿಎಂಸಿ. ಎಡದಂಡೆ, ಬಲದಂಡೆ ನಾಲೆಗಳಿಗೆ ಬೇಸಿಗೆ ಬೆಳೆಯ ನೀರು ಬಿಡುವುದು ಸಾಮಾನ್ಯವಾಗಿ ಜನವರಿಯಲ್ಲಿ. ಆಗಾಗ ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ನದಿಗೂ ಬಿಡುತ್ತಾರೆ. ಅಣೆಕಟ್ಟಿನಿಂದ ಹೊರಟ ನೀರು ಭದ್ರಾವತಿಗೆ ಮುಟ್ಟುವ ಹೊತ್ತಿಗೆ ಆಕಾಶದಲ್ಲಿ ಮೋಡದ ಸುಳಿವೂ ಇರುವುದಿಲ್ಲ. ಯಾರಿಗೂ ಅನುಮಾನ ಬಾರದು, ನಡುಹೊಳೆಯ ಬಂಡೆಯ ಮೇಲೆ ಕೂತವನಿಗಂತೂ ಖಂಡಿತ ಬಾರದು. ಕೂತ ಕೂಡಲೇ ನೀರಂಚಿಗೆ ಒಂದು ಕಡ್ಡಿ ನೆಟ್ಟು ಆಗಾಗ ನೋಡುತ್ತಿರಿ. ಕಡ್ಡಿಯ ಬುಡ ಮುಳುಗಿದರೆ, ಬೆಂಡು ಮುಳುಗುತ್ತಿದ್ದರೂ ಸರಿ, ಎದ್ದು ದಡ ಸೇರಿ. ನೀರು ಬಿಡುವ ಮುನ್ನ ಇಲಾಖೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತದೆ. ಎದೆಗೆ ಇಟ್ಟುಕೊಳ್ಳುವ ಮುನ್ನ ಪತ್ರಿಕೆಯನ್ನು ಓದಿ.

ನಾಲೆಯ ವಿಷಯದಲ್ಲಿ ನಾನು ಕಠಿಣ. ಸಿಮೆಂಟಿನ ಇಳಿಜಾರು ಗೋಡೆ, ಪಾಚಿ, ಸೆಳವು. ಬಿದ್ದವನಿಗೆ ಹಿಡಿಯಲು ಏನೂ ಇಲ್ಲ. ಉಳಿಸಲು ಹಾರಿದವನೂ ಹೋಗುತ್ತಾನೆ. ಹಿಮದವರು ಹಗ್ಗವಿಲ್ಲದೆ ಮನೆ ಬಿಡುವುದಿಲ್ಲ. ನಾವೂ ಐವತ್ತಡಿ ಹಗ್ಗದ ತುದಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟಿ ಒಯ್ಯಬಹುದು. ಅದರೊಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿದರೆ ದೂರ ಎಸೆಯಲು ಬರುತ್ತದೆ, ತೇಲುತ್ತದೆ ಕೂಡ.

ಬಾಟಲಿಯ ಬಗ್ಗೆ ಹೇಳಿದರೆ ಗೆಳೆಯರು ಮುನಿಸಿಕೊಳ್ಳುತ್ತಾರೆ. ಚಳಿಗೆ ಒಂದು ಪೆಗ್ ಎಂಬುದು ಶುದ್ಧ ನೆಪ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಕಾವು ಹೊರಗೆ ಹರಿದು ಮೈ ಬೆಚ್ಚಗಾದಂತೆ ತೋರುತ್ತದೆ. ನಿಜದಲ್ಲಿ ಮೈ ತಣಿಯುತ್ತಿರುತ್ತದೆ. ಜಾರುವ ಬಂಡೆ, ಪಕ್ಕದಲ್ಲಿ ಆಳದ ಮಡು, ಒಳಗೆ ಬ್ರಾಂದಿ: ಇದಕ್ಕೆ ವಿವರಣೆ ಬೇಕಿಲ್ಲ. ಮನೆಗೆ ಹೋಗಿ ಮೀನು ಹುರಿಯುವಾಗ ಕುಡಿಯಿರಿ, ನಾನೂ ಬರುತ್ತೇನೆ.

ಬೆಂಕಿ ಹಾಕುವ ಆಸೆಯೂ ಸಹಜ. ಗಾಳಿಯಾಡದ ಗುಡಿಸಲಿನಲ್ಲಿ ಒಲೆ ಉರಿಸಿ ಕಾರ್ಬನ್ ಮಾನಾಕ್ಸೈಡ್‌ಗೆ ಬಲಿಯಾಗುವುದು ಹಿಮದವರ ಅಪಾಯ. ಟೆಂಟಿನೊಳಗೆ ಕೆಂಡ ಇಟ್ಟುಕೊಂಡು ಮಲಗುವ ನಮ್ಮ ಹುಡುಗರಿಗೂ ಅದೇ ಗತಿ. ದಂಡೆಯ ಕಾಡಿನಲ್ಲಿ ಮಾಗಿಯ ತರಗೆಲೆ ಕಿಡಿಗೆ ಕಾದಿರುತ್ತದೆ, ಅಲ್ಲಿ ಬೆಂಕಿ ಬೇಡವೇ ಬೇಡ. ಅದೇ ತರಗೆಲೆಯಲ್ಲಿ ಉಣುಗು ಇರುತ್ತದೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಡುವುದು ಡಿಸೆಂಬರಿನಿಂದ ಬೇಸಿಗೆಯವರೆಗೆ, ಅಂದರೆ ಸರಿಯಾಗಿ ನಮ್ಮ ಗಾಳದ ಕಾಲದಲ್ಲೇ. ತುಂಬುತೋಳು ತೊಟ್ಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸಿಕ್ಕಿಸಿ, ಆರೋಗ್ಯ ಇಲಾಖೆಯ ಡೇಪಾ ತೈಲ ಸಿಕ್ಕರೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಮುಂದೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಭದ್ರೆಯಲ್ಲಿ ಮೊಸಳೆಗಳಿವೆ. ಚಳಿಗಾಲದಲ್ಲಿ ಅವೂ ಬಿಸಿಲು ಕಾಯಲು ಬಂಡೆ ಹತ್ತುತ್ತವೆ. ಜಾಗ ಅವುಗಳಿಗೆ ಬಿಟ್ಟುಕೊಡಿ.

ಫ್ಲಾಸ್ಕು ಎರಡು ಬೇಕು. ಒಂದರಲ್ಲಿ ಶುಂಠಿ ಹಾಕಿದ ಬೆಲ್ಲದ ಕಾಫಿ, ಇನ್ನೊಂದರಲ್ಲಿ ಬರೀ ಬಿಸಿನೀರು. ಗಾಳಕ್ಕೆ ಚೇಳುಮೀನು ಬಿದ್ದು, ಬಿಡಿಸುವಾಗ ಅದರ ಮುಳ್ಳು ತಾಗಿತೋ, ನೋವು ಭುಜದವರೆಗೆ ಹತ್ತುತ್ತದೆ. ಅದರ ವಿಷ ಕಾವಿಗೆ ಕೆಡುವಂಥದ್ದು. ಸುಡದ ಹಾಗೆ, ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಯಾದರೂ ಬೆರಳು ಅದ್ದಿ ಇಟ್ಟರೆ ಇಳಿಯುತ್ತದೆ. ಆಮೇಲೆ ಆಸ್ಪತ್ರೆ, ಟೆಟನಸ್ ಇಂಜೆಕ್ಷನ್. ಆದ್ದರಿಂದ ಎರಡನೇ ಫ್ಲಾಸ್ಕಿನ ನೀರಿಗೆ ಯಾರಾದರೂ ಚಹಾಪುಡಿ ಹಾಕಲು ಬಂದರೆ, ಗಾಳ ಮಡಚುವವರೆಗೆ ಕೊಡಬೇಡಿ.