ಬೆದೆಯ ಲೆಕ್ಕ

ಹಸುವಿನ ಯೋಗ್ಯತೆಯನ್ನು ಅಳೆಯುವಾಗ ಕೆಚ್ಚಲಿನ ಲಕ್ಷಣವನ್ನೂ ಕರೆಯುವ ಹಾಲಿನ ಪ್ರಮಾಣವನ್ನೂ ಪರಿಶೀಲಿಸುವವರು ಬಹುಮಂದಿ. ಹಿಂದಿನ ಕರುವಿಗೂ ಈಗಿನ ಕರುವಿಗೂ ನಡುವೆ ಎಷ್ಟು ಕಾಲ ಸಂದಿತೆಂದು ವಿಚಾರಿಸುವವರು ವಿರಳ. ಗೋಪಾಲನೆಯ ಲಾಭನಷ್ಟಗಳ ಮರ್ಮವು ಈ ಎರಡನೆಯ ಪ್ರಶ್ನೆಯಲ್ಲಿಯೇ ಅಡಗಿದೆಯೆಂಬುದು ನನ್ನ ಮತ.

ವರ್ಷಕ್ಕೊಂದು ಕರುವೆಂಬ ಆದರ್ಶವನ್ನೇ ಹಿಡಿದು ನೋಡೋಣ. ಗರ್ಭಾವಧಿಯು ಸುಮಾರು 280 ದಿನಗಳಾದುದರಿಂದ ಉಳಿಯುವುದು 85 ದಿನ. ಈದ ಹಸುವಿನ ಗರ್ಭಕೋಶವು ಕುಗ್ಗಿ ಪೂರ್ವಸ್ಥಿತಿಗೆ ಮರಳುವುದಕ್ಕೆ ಅದರಲ್ಲಿ 40 ದಿನಗಳಾದರೂ ಸಲ್ಲುವುವು. ಮಿಕ್ಕ ಅವಧಿಯಲ್ಲಿ, 21 ದಿನಗಳಿಗೊಮ್ಮೆ ಮರುಕಳಿಸುವ ಬೆದೆಯು ಒದಗಿಸುವ ಅವಕಾಶಗಳು ಎರಡೇ ಎರಡು. ಒಂದನ್ನು ಕಾಣದೆ ಬಿಟ್ಟವನು ಮೂರು ವಾರಗಳ ಮೇವಿನ ವೆಚ್ಚವನ್ನು ಹೊತ್ತುಕೊಳ್ಳತಕ್ಕದ್ದು.

ಕಾಣದೆ ಹೋಗುವುದಂತೂ ಸುಲಭ. ಮತ್ತೊಂದು ಹಸು ಮೇಲೇರಿದಾಗ ಕದಲದೆ ನಿಲ್ಲುವುದೇ ಬೆದೆಯ ನಿಸ್ಸಂದಿಗ್ಧ ಲಕ್ಷಣವಾದರೂ, ಒಂದೆರಡು ರಾಸುಗಳನ್ನು ಗೂಟಕ್ಕೆ ಬಿಗಿದು ಸಾಕುವ ನಮ್ಮ ಕೊಟ್ಟಿಗೆಗಳಲ್ಲಿ ಅದನ್ನು ತೋರುವ ಸ್ವಾತಂತ್ರ್ಯವೇ ಆ ಪ್ರಾಣಿಗಿಲ್ಲ. ತಿಳಿಯಾದ ಲೋಳೆ, ಅರಚಾಟ, ಕುಂದಿದ ಹಾಲು, ಇಷ್ಟರಿಂದಲೇ ಊಹಿಸಬೇಕು. ಬೇಸಿಗೆಯ ಸೆಕೆಯಲ್ಲಿ ಇವೂ ಮಂದವಾಗಿ, ಬೆದೆಯು ರಾತ್ರಿಯ ತಂಪಿನಲ್ಲಿ ಬಂದು ಬೆಳಗಾಗುವಷ್ಟರಲ್ಲಿ ಅಡಗುವುದೂ ಉಂಟು. ಆದುದರಿಂದ ಮುಂಜಾನೆಯೂ ಸಂಜೆಯೂ, ಹಾಲು ಕರೆಯುವ ಗಡಿಬಿಡಿಯಿಲ್ಲದ ಹೊತ್ತಿನಲ್ಲಿ, ಅರ್ಧ ಗಂಟೆ ಸುಮ್ಮನೆ ನಿಂತು ನೋಡುವುದು ಉತ್ತಮ. (ಮನೆಯವರು ಇದನ್ನು ಸೋಮಾರಿತನವೆಂದರೆ ಈ ಅಂಕಣವನ್ನು ತೋರಿಸಬಹುದು.) ಬೆದೆ ಅಡಗಿ 10–12 ಗಂಟೆಗಳಾದ ಮೇಲೆ ಅಂಡವು ಹೊರಬೀಳುವ ಕಾರಣ, ಬೆಳಗ್ಗೆ ಕಂಡ ಬೆದೆಗೆ ಅಂದು ಸಂಜೆಯೂ ಸಂಜೆ ಕಂಡುದಕ್ಕೆ ಮರುದಿನ ಬೆಳಗ್ಗೆಯೂ ಗರ್ಭಧಾರಣೆ ಮಾಡಿಸುವುದು ವಾಡಿಕೆ. ಬಾಲದಲ್ಲಿ ರಕ್ತದ ಕಲೆ ಕಂಡಿತೋ, ಹೊತ್ತು ಮೀರಿತು. ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿ, ಸುಮಾರು 18ನೆಯ ದಿನದಿಂದ ಮತ್ತೆ ಎಚ್ಚರವಾಗಿರತಕ್ಕದ್ದು.

ಬೆದೆಯೇ ಬಾರದಿದ್ದರೆ ಮೊದಲು ಗೊಂತಿನತ್ತ ನೋಡಬೇಕು. ಈದ ಹೊಸದರಲ್ಲಿ ಅಧಿಕ ಹಾಲು ಕೊಡುವ ಮಿಶ್ರತಳಿಯು ತಾನು ತಿನ್ನಬಲ್ಲುದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿನಲ್ಲಿ ಹರಿಸಿ, ಮೈಯ ಕೊಬ್ಬನ್ನೇ ಕರಗಿಸಿಕೊಳ್ಳುವುದರಿಂದ ಅಂಡಾಶಯವು ನಿಶ್ಚೇಷ್ಟವಾಗುವುದು. ಪಕ್ಕೆಲುಬು ಎಣಿಸುವಂತಾದ ಹಸುವಿಗೆ ಚುಚ್ಚುಮದ್ದಿಗಿಂತ ಹಸಿಮೇವೂ ಹಿಂಡಿಯೂ ಖನಿಜ ಮಿಶ್ರಣವೂ ಮೊದಲು ಸಲ್ಲಬೇಕು. ಕಂದು ಹಾಕಿದ ಹಸುವಿನ ವಿಷಯ ಬೇರೆ. ಅಲ್ಲಿ ಬ್ರೂಸೆಲ್ಲಾ ರೋಗದ ಪರೀಕ್ಷೆ ಅನಿವಾರ್ಯ, ಆ ರೋಗ ಮನುಷ್ಯರಿಗೂ ಅಂಟುವುದು.

ವೀರ್ಯವನ್ನೂ ಅದನ್ನು ತಂದವನನ್ನೂ ದೂರುವುದು ನಮ್ಮಲ್ಲಿ ರೂಢಿ. ಮೂರು ಬಾರಿ ಕೊಡಿಸಿಯೂ ಬೆದೆ ಮರಳುತ್ತಿದ್ದರೆ ಪಶುವೈದ್ಯರಿಂದ ಗರ್ಭಕೋಶವನ್ನು ಪರೀಕ್ಷೆ ಮಾಡಿಸಿರಿ. ಅದಕ್ಕೆ ಮುಂಚೆ ಗೊಡ್ಡೆಂದು ಸಂತೆಗೆ ಹೊಡೆಯಬೇಡಿರಿ.