ಬಾದಾಮಿಯ ಬಂಡೆ, ರಿಚ್ಮಂಡಿನ ಪೀಠ

ಬಾದಾಮಿ ಸುತ್ತಿಕೊಂಡು ಸಂಜೆ ಶಿವಯೋಗ ಮಂದಿರಕ್ಕೆ ಬಂದು ಮಲಪ್ರಭೆಯ ದಂಡೆಯಲ್ಲಿ ಕೂತಿದ್ದೆವು. ಜೊತೆಗಿದ್ದ ಎಂ.ಎ. ಹುಡುಗನೊಬ್ಬ ಕೇಳಿದ: ‘ಸರ, ನಮ್ಮ ಪುಲಕೇಶಿನ್ನ ಸೋಲಿಸಿದಾವನ ಶಾಸನಾ ನಾವು ಇನ್ನೂ ಹಂಗ ಇಟ್ಕೊಂಡೀವಿ. ಅಮೆರಿಕಾದವ್ರು ತಮ್ಮವ ಮೂರ್ತಿ ಯಾಕ ಕಿತ್ತು ಒಗೀತಾರ?’

ನಮ್ಮ ಕಡೆ ಈ ಹೋಲಿಕೆಯನ್ನು ಬಹಳ ಜನ ಮಾಡುತ್ತಾರೆ, ಸ್ವಲ್ಪ ಹೆಮ್ಮೆಯಿಂದಲೇ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದು ಇಲ್ಲಿನ ಬಂಡೆಯ ಮೇಲೆ ತನ್ನ ಗೆಲುವನ್ನು ಕೆತ್ತಿಸಿದ. ಹತ್ತು ಹನ್ನೆರಡು ವರ್ಷಗಳಲ್ಲಿ ಒಂದನೇ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ. ಆದರೂ ಬಂಡೆಯ ಮಾತು ಉಳಿಯಿತು. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಅಲ್ಲಿನ ಕೈಲಾಸನಾಥ ಗುಡಿಯಲ್ಲಿ ಕನ್ನಡದಲ್ಲೇ ಬರೆಸಿದ: ದೇವರ ಸೊತ್ತನ್ನು ದೇವರಿಗೇ ಬಿಟ್ಟುಕೊಟ್ಟೆ ಎಂದು. ಒಂದು ಶಾಸನ ತೆಗೆದುಕೊಂಡದ್ದನ್ನು ಹೇಳುತ್ತದೆ, ಇನ್ನೊಂದು ಬಿಟ್ಟುಕೊಟ್ಟದ್ದನ್ನು. ಎರಡರಲ್ಲೂ ಮಾತಾಡುವವನು ಗೆದ್ದವನೇ, ಕೇಳಬೇಕಾದವನು ಸೋತವನೇ.

ಇವು ಈಗ ನಮ್ಮನ್ನು ಚುಚ್ಚುವುದಿಲ್ಲ. ಪಲ್ಲವರ ಹೆಸರು ಹೇಳಿ ಇವತ್ತು ಬಾದಾಮಿಯ ಯಾರ ಓಟನ್ನೂ ಯಾರೂ ಕಸಿಯುವುದಿಲ್ಲ. ನಮ್ಮ ಔದಾರ್ಯ ಅಷ್ಟು ಅಗ್ಗದ್ದು.

ವರ್ಜೀನಿಯಾದ ರಿಚ್ಮಂಡಿನ ಕಥೆ ಬೇರೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳು 1865ರಲ್ಲಿ ಸೋತವು. ಅವುಗಳ ದಂಡನಾಯಕ ರಾಬರ್ಟ್ ಲೀ ಕುದುರೆಯೇರಿ ಅಲ್ಲಿ ನಿಂತದ್ದು 1890ರಲ್ಲಿ, ಅಂದರೆ ಯುದ್ಧ ಮುಗಿದು ಇಪ್ಪತ್ತೈದು ವರ್ಷಕ್ಕೆ. ಇನ್ನೊಂದು ಹನ್ನೆರಡು ವರ್ಷಕ್ಕೆ ಆ ರಾಜ್ಯ ಹೊಸ ಸಂವಿಧಾನ ಬರೆದುಕೊಂಡು ಬಹುಪಾಲು ಕಪ್ಪು ಜನರ ಮತದಾನದ ಹಕ್ಕನ್ನೇ ಕಿತ್ತುಕೊಂಡಿತು. ಯಾವುದೇ ಕೃತಿಯನ್ನು ಓದುವಾಗ ಬರೆದ ಕಾಲ ನೋಡಿ ಎಂದು ನಾವು ಪಾಠ ಮಾಡುತ್ತೇವಲ್ಲ, ಪ್ರತಿಮೆಗೂ ಅದೇ ಮಾತು. ಅದರ ವಸ್ತು ಯುದ್ಧ, ಅದರ ಓದುಗ ಮಾತ್ರ 1890ರ ಬೀದಿಯಲ್ಲಿ ನಡೆಯುವ ಕರಿಯ. ಆ ಓದುಗ ಸರಿಯಾಗಿಯೇ ಓದಿಕೊಂಡಿದ್ದ. ‘ರಿಚ್ಮಂಡ್ ಪ್ಲಾನೆಟ್’ ಪತ್ರಿಕೆಯ ಸಂಪಾದಕ ಜಾನ್ ಮಿಚೆಲ್, ಇದನ್ನು ನಿಲ್ಲಿಸಿದ್ದು ಕರಿಯರ ಕೈಗಳು, ಕಾಲ ಬಂದರೆ ಇಳಿಸಲಿಕ್ಕೂ ಅವೇ ಇರುತ್ತವೆ ಎಂಬರ್ಥದಲ್ಲಿ ಆ ವರ್ಷವೇ ಬರೆದ. 2021ರ ಸೆಪ್ಟೆಂಬರ್ 8ರಂದು ಲೀಯನ್ನು ಇಳಿಸಿದ ಗುತ್ತಿಗೆದಾರ ಕರಿಯನೇ ಆಗಿದ್ದ.

ಇಳಿಸಿದ್ದು ಸರಿ. ನನ್ನ ತಕರಾರು ಪೀಠದ ಬಗ್ಗೆ. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಡಿ ಸತ್ತ ಮೇಲೆ ಜನ ಆ ಕಲ್ಲುಪೀಠದ ತುಂಬ ಬಣ್ಣಬಣ್ಣದಲ್ಲಿ ಬೈಗುಳ, ಘೋಷಣೆ ಎಲ್ಲ ಬರೆದಿದ್ದರು. ನೂರಮೂವತ್ತು ವರ್ಷ ಏಕಪಾತ್ರಾಭಿನಯ ನಡೆಸಿದ್ದ ಕಲ್ಲಿಗೆ ಕೊನೆಗೂ ಎದುರುಮಾತು ಸಿಕ್ಕಿತ್ತು. ಆಮೇಲೆ ಆ ಪೀಠವನ್ನೂ ಬಿಚ್ಚಿ ಜಾಗ ಸಮ ಮಾಡಿದರು. ಬೆಂಗಳೂರಿನಲ್ಲೂ ಹೀಗೇ ಆಯಿತು. 1791ರ ಮುತ್ತಿಗೆಯಲ್ಲಿ ಸತ್ತ ಕಂಪನಿ ಸೇನೆಯವರ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಿದರು. ಇವತ್ತು ಆ ಆವರಣದಲ್ಲಿ ಕೆಂಪೇಗೌಡರಿದ್ದಾರೆ, ಒಳ್ಳೆಯದೇ. ಆದರೆ ಕೆಡವಿದವರ ಸಿಟ್ಟು ಏನಿತ್ತೆಂದು ಓದಲು ಅಲ್ಲಿ ಏನೂ ಉಳಿದಿಲ್ಲ.

ಇಷ್ಟನ್ನೆಲ್ಲ ಹುಡುಗನಿಗೆ ಹೇಳಿದೆ. ಮೂರ್ತಿ ಬರೀ ಕಲ್ಲು ಅನ್ನುವವರಿಗೆ 2024ರ ಜನವರಿಯಲ್ಲಿ ಕಲಬುರಗಿಯ ಕೋಟನೂರಿನಲ್ಲಿ ಅಂಬೇಡ್ಕರ್ ಪ್ರತಿಮೆಗೆ ಮಾಡಿದ ಅವಮಾನವನ್ನು ನೆನಪಿಸು ಎಂದೆ. ರಾತ್ರೋರಾತ್ರಿ ಬಂದು ಚಪ್ಪಲಿ ಹಾರ ಹಾಕಿ ಹೋದವರಿಗೂ ಅದು ಬರೀ ಕಲ್ಲಾಗಿರಲಿಲ್ಲ.

ಅವನು ಫೋನು ಜೇಬಿಗಿಟ್ಟ. ‘ನಮ್ಮ ಓಣ್ಯಾಗ ಬಾಬಾಸಾಹೇಬರ ಮೂರ್ತಿ ತಂದು ಎರಡು ವರ್ಷ ಆತ್ರಿ ಸರ. ಊರಾಗ ನಿಲ್ಲಸಾಕ ಇನ್ನೂ ಜಾಗಾ ಕೊಟ್ಟಿಲ್ಲ. ಸಮುದಾಯ ಭವನದಾಗ ತಾಡಪತ್ರಿ ಹೊಚ್ಚಿ ಇಟ್ಟೀವಿ.’