ಮಧುಕರವೃತ್ತಿಯ ಉಪಮೆ: ಒಂದು ಪುನರ್ವಿಮರ್ಶೆ

ದಾಸಸಾಹಿತ್ಯದ ಪಾಠಗಳಲ್ಲಿ ಮಧುಕರವೃತ್ತಿಯ ಉಪಮೆಗೆ ಹೇಳುತ್ತ ಬಂದಿರುವ ಅರ್ಥವು ಒಂದೇ ಬಗೆಯದು. ಹೂವಿಗೆ ನೋವಾಗದಂತೆ ಅಲ್ಪಾಲ್ಪವಾಗಿ ರಸವನ್ನು ಕೊಳ್ಳುವ ದುಂಬಿಯಂತೆ ಹರಿದಾಸನು ಮನೆಮನೆಯಲ್ಲಿ ಹಿಡಿಯಕ್ಕಿಯನ್ನು ಪಡೆದು ಜೀವಿಸುವನು; ಸಾರಾಸಾರವಿವೇಕವು ಅವನ ಸ್ವಂತ ಗುಣ. ಪ್ರಾಣೇಶದಾಸರ ಲಿಂಗಸುಗೂರಿನ ಸೀಮೆಯಲ್ಲಿ ಈ ವ್ಯಾಖ್ಯಾನವು ಬೇರೂರಿರುವುದು ಸಹಜವೇ. ಆದರೂ ಇದು ಉಪಮಾನದ ಅರ್ಧವನ್ನು ಮಾತ್ರ ಕಂಡ ವ್ಯಾಖ್ಯಾನವೆಂದು ಹೇಳಬೇಕಾಗಿದೆ.

ಮೊದಲು ಶಬ್ದವಿಚಾರ. ಅಮರಕೋಶವು ಮಧುಕರ, ಮಧುಪ, ಭೃಂಗ, ಷಟ್ಪದ, ಭ್ರಮರಗಳನ್ನು ಒಂದು ಗುಂಪಿನಲ್ಲಿ ಪಠಿಸಿ, ಸರಘಾ, ಮಧುಮಕ್ಷಿಕಾ ಎಂಬುವನ್ನು ಬೇರೆಯಾಗಿ ಹೇಳಿದೆ. ಕಾವ್ಯದ ದುಂಬಿಯು ಪ್ರಾಯಶಃ ಒಂಟಿಯಾಗಿ ಸುಳಿಯುವ ಕರಿಯ ಕೀಟ. ಹುಟ್ಟು ಕಟ್ಟಿ ಸಹಸ್ರಸಂಖ್ಯೆಯಲ್ಲಿ ಬಾಳುವ ಹೆಜ್ಜೇನು, ತುಡುವೆಗಳು ಸರಘೆಗಳು. ಅಧ್ಯಾಪಕರು ಮಧುಕರವನ್ನು ಜೇನ್ನೊಣವೆಂದು ವಿವರಿಸುವುದಾದರೆ, ಹೂವಿನೊಡನೆ ಹುಟ್ಟನ್ನೂ ಲೆಕ್ಕಕ್ಕೆ ತರಲೇಬೇಕು.

ಹುಟ್ಟಿನ ವಿಷಯದಲ್ಲಿ ಆಧುನಿಕ ಜೀವಶಾಸ್ತ್ರವು ಕಂಡುಕೊಂಡುದು ಗಮನಾರ್ಹವಾಗಿದೆ. ಗೂಡಿನ ಕಣದಿಂದ ಆಗತಾನೆ ಹೊರಬಂದ ನೊಣದ ಕರುಳಿನಲ್ಲಿ ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಇರುವುದಿಲ್ಲ. ಹಿರಿಯ ನೊಣಗಳ ಸಂಸರ್ಗದಿಂದಲೂ ಹುಟ್ಟಿನ ಸ್ಪರ್ಶದಿಂದಲೂ ಕೆಲವೇ ದಿನಗಳಲ್ಲಿ ಅವು ಬಂದು ನೆಲಸುತ್ತವೆ. 2022ರಲ್ಲಿ ಚೀನದ ವಿದ್ವಾಂಸರು ಪ್ರಕಟಿಸಿದ ಪರೀಕ್ಷೆಗಳಂತೆ, ಈ ಜೀವಿಗಳಿಲ್ಲದ ನೊಣಗಳು ಪರಿಮಳಕ್ಕೂ ಸಿಹಿಗೂ ಇರುವ ಸಂಬಂಧವನ್ನು ಕಲಿತು ನೆನಪಿಡುವುದರಲ್ಲಿ ಹಿಂದುಳಿದುವು. ಲ್ಯಾಕ್ಟೊಬ್ಯಾಸಿಲಸ್ ವರ್ಗದ ಒಂದು ಕುಲವು ಟ್ರಿಪ್ಟೊಫ್ಯಾನ್ ಎಂಬ ಆಹಾರಾಂಶವನ್ನು ಮಾರ್ಪಡಿಸಿ ಆ ಸ್ಮೃತಿಗೆ ನೆರವಾಗುವುದೆಂದು ಅವರು ನಿರೂಪಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಸಂಶೋಧಕರು, ಈ ಜೀವಿಗಳುಳ್ಳ ನೊಣಗಳು ತಮ್ಮೊಳಗೆ ತಲೆಗೆ ತಲೆ ತಾಗಿಸಿ ಹೆಚ್ಚಾಗಿ ವ್ಯವಹರಿಸುವುದನ್ನು ತೋರಿಸಿದರು. ಹೂವನ್ನು ಗುರುತಿಸುವ ವಿವೇಕದಲ್ಲಿ ಹುಟ್ಟಿನ ಋಣವೂ ಸೇರಿದೆಯೆಂದಾಯಿತು. ಈ ಪರೀಕ್ಷೆಗಳು ನಡೆದುದು ಪಾಶ್ಚಾತ್ಯ ಜಾತಿಯ ಸಾಕುಜೇನಿನ ಮೇಲೆ. ನಮ್ಮ ಹೆಜ್ಜೇನು, ತುಡುವೆಗಳ ಕರುಳಿನಲ್ಲಿಯೂ ಇವುಗಳ ಬಂಧುವರ್ಗವೇ ಇದ್ದರೂ, ಅದೇ ಫಲವನ್ನು ಅವುಗಳಿಗೆ ಆರೋಪಿಸುವುದು ಅವಸರವಾದೀತು.

ಉಪಮೆಯ ಬಿಟ್ಟುಹೋದ ಅರ್ಧವನ್ನು ತುಂಬುವ ಕಥೆಯು ಇದೇ ನಾಡಿನಲ್ಲಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪ್ರಸಿದ್ಧರಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳಲ್ಲಿ ಗಂಡನು ಕಲ್ಯಾಣದ ಅಂಗಳಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವನು. ಹೆಂಡತಿಯು ಅದರಿಂದ ದಾಸೋಹವನ್ನು ನಡೆಸುವಳು. ಒಂದು ದಿನ ಅಕ್ಕಿಯು ಮಿಗಿಲಾಗಿ ಬರಲು ಅವಳು ಅದನ್ನು ಹಿಂದಕ್ಕೆ ಕಳುಹಿಸಿದಳೆಂಬುದು ಐತಿಹ್ಯ. ಇಲ್ಲಿ ಆಯುವವನು ಒಬ್ಬ. ಎಷ್ಟು ಆಯಬೇಕೆಂಬ ವಿವೇಕವು ಹುಟ್ಟಿದುದು ಮನೆಯಲ್ಲಿ. ಮಧುಕರವೃತ್ತಿಯು ಹೂವಿನ ಪಕ್ಷವಾದರೆ ಆಯ್ದಕ್ಕಿಯ ಕಾಯಕವು ಹುಟ್ಟಿನ ಪಕ್ಷ. ಎರಡನ್ನೂ ಜೋಡಿಸಿ ಓದಿದಾಗಲೇ ಜೇನ್ನೊಣದ ಉಪಮೆ ಪೂರ್ಣವಾಗುತ್ತದೆ.

ಛಾಂದೋಗ್ಯದಲ್ಲಿ ಮನಸ್ಸು ಅನ್ನಮಯವೆಂದು ಹೇಳಿದೆಯಲ್ಲ, ಹದಿನೈದು ದಿನ ಉಪವಾಸವಿದ್ದ ಶ್ವೇತಕೇತುವಿಗೆ ವೇದಗಳು ತೋರದೆಹೋಗಿ, ಉಂಡ ಮೇಲೆ ಮತ್ತೆ ತೋರಿದುವಲ್ಲ, ಈ ವಿಜ್ಞಾನವೆಲ್ಲ ಪೂರ್ವಿಕರಿಗೆ ವಿದಿತವೇ ಎಂದು ಕೆಲವರು ವಾದಿಸಬಹುದು. ಅದು ಸಾಧುವಲ್ಲ. ಋಷಿಯು ಹೇಳಿದುದು ಅನ್ನದ ಅಣಿಷ್ಠಭಾಗವನ್ನು ಕುರಿತು, ಕರುಳಿನ ಜೀವಿಗಳನ್ನು ಕುರಿತಲ್ಲ. ಗ್ರಂಥದಲ್ಲಿ ಇಲ್ಲದುದನ್ನು ಗ್ರಂಥಕ್ಕೆ ಹೇರಿದರೆ ಗ್ರಂಥಕ್ಕೂ ವಿಜ್ಞಾನಕ್ಕೂ ಅಪಚಾರವೇ. ಹಾಗೆಯೇ ಹರಿದಾಸರು ಹುಟ್ಟಿನ ಪಕ್ಷವನ್ನು ಉದ್ದೇಶಿಸಿದ್ದರೆಂದೂ ಹೇಳಕೂಡದು. ಅದು ಓದುವವನಿಗೆ ಲಭಿಸುವ ಅರ್ಥವಿಸ್ತಾರ, ಕವಿಯ ವಿವಕ್ಷೆಯಲ್ಲ.

ಈ ವಿಚಾರವು ಶಬ್ದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕವು ಜೇನಿನ ಕರುಳಿನ ಸಹವಾಸಿಗಳನ್ನು ಕುಗ್ಗಿಸುವುದೆಂದು ಅಮೆರಿಕದ ಟೆಕ್ಸಾಸಿನ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಹೂವನ್ನು ಉಳಿಸಿಯೂ ಅದನ್ನು ಅರಿಯುವ ಶಕ್ತಿಯನ್ನು ಕೆಡಿಸುವುದು ಸಾಧ್ಯವೆಂಬ ಶಂಕೆಗೆ ಇದು ಆಸ್ಪದವೀಯುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಬಯಲಿನಲ್ಲಿ ಈ ಉಪಮೆಯನ್ನು ಬೋಧಿಸುವವರು ಇದನ್ನು ಮರೆಯಲಾಗದು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕಶಾಸನವು, ಶ್ರೇಯಸ್ಸು ಹಿರಿಯರಿಗೆ ಮಾತ್ರ ಮೀಸಲಲ್ಲ, ಧರ್ಮನಿಷ್ಠನಾದ ಅಲ್ಪನಿಗೂ ಸಾಧ್ಯವೆಂದು ಸಾರಿತು. ಆ ಮಾತು ಮನುಷ್ಯರನ್ನು ಕುರಿತುದಾದರೂ, ಅಲ್ಪವೆಂದು ಕಡೆಗಣಿಸಿದುದರ ಬಲವನ್ನು ಅರಿಯಲು ವಿಮರ್ಶಕನಿಗೂ ಅದು ಪಾಠವೇ ಸರಿ.